ಕೋವಿಗೆ ಅಂಟದ ತೋಟಾಪಟ್ಟಿ

ನವೆಂಬರ್ ೯, ಭಾನುವಾರ

ಗುರಿ ಹೊಡೆಯುವ ಸ್ಪರ್ಧೆಯ ನಡುವೆ, ತೋಟಾ ಸಿಕ್ಕಿಸಿಡಲು ಕೋವಿಯ ಪಕ್ಕಕ್ಕೆ ಅಂಟಿಸಿದ್ದ ತೋಟಾಪಟ್ಟಿ ಕಿತ್ತುಬಂತು. ತೋಟಾಗಳೆಲ್ಲ ನೆಲದ ಮೇಲೆ ಉರುಳಾಡಿದವು. ಇವರು ತೀರಿಕೊಂಡ ಮೇಲೆ ಒಬ್ಬಳೇ ಹೋದ ಮೊದಲ ಸ್ಪರ್ಧೆ ಅಲ್ಲಿಗೇ ಮುಗಿಯಿತು.

"ಎಣ್ಣೆ ಮೇಲೆ ಅಂಟು ನಿಲ್ಲುತ್ತೇನಮ್ಮಾ? ಸ್ಪಿರಿಟ್ ಹಾಕಿ ಒರೆಸ್ಲಿಲ್ವಾ?" ಎಂದರು ಕೋಚ್.

ನನಗದು ಗೊತ್ತೇ ಇರಲಿಲ್ಲ. ಕೋವಿಗೆ ಎಣ್ಣೆ ಹಚ್ಚುವುದು ನನ್ನ ಕೆಲಸವಾಗಿತ್ತು. ಪಟ್ಟಿ ಅಂಟಿಸುವಾಗ ಇವರು ಕೂಗುತ್ತಿದ್ದರು, ನಾನು ಹೋಗಿ ಒತ್ತಿ ಹಿಡಿಯುತ್ತಿದ್ದೆ. ಅದಕ್ಕೂ ಮೊದಲು ಒಬ್ಬರೇ ಕೂತು ಏನು ಮಾಡುತ್ತಿದ್ದರೆಂದು ಕೇಳಿರಲಿಲ್ಲ. ಇನ್ನೇನೇನು ಕೇಳದೆ ಉಳಿದೆನೋ.

ಈಗ ಖಾಲಿ ಕೋವಿಯನ್ನು ಚೆನ್ನಾಗಿ ಒರೆಸಿ, ಹೊಸ ಪಟ್ಟಿ ಅಂಟಿಸಿ, ಒತ್ತಿ ಹಿಡಿದಿದ್ದೇನೆ. "ಸಾಕು ಬಿಡೇ, ಅದೇನು ಓಡಿಹೋಗಲ್ಲ" ಎಂದು ನಗುತ್ತಿದ್ದರು. ಇವತ್ತು ಹಾಗೆನ್ನುವವರಿಲ್ಲ. ಇದನ್ನು ಬರೆಯುವಾಗಲೂ ಎಡಗೈ ಅದರ ಮೇಲೇ ಇದೆ.