ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ

ಮನೆಯಿಂದ,
ಶುಕ್ರವಾರ, ತಾ. ೧೪, ಬೆಳಿಗ್ಗೆ ಒಂಬತ್ತೂವರೆ

ಪ್ರೀತಿಯ ಸ್ಪ್ಯಾನರ್ ಮರಿಗೆ,

ಹೇಗಿದ್ದೀಯ? ಕತ್ತು ನೋವು ಕಡಿಮೆಯಾಯಿತೇ? ಗಂಟೆಗೊಮ್ಮೆಯಾದರೂ ಕಂಪ್ಯೂಟರ್ ಬಿಟ್ಟು ಎದ್ದು ನಾಲ್ಕು ಹೆಜ್ಜೆ ಓಡಾಡು ಎಂದು ಅಜ್ಜಿ ಹೇಳಿದ್ದಾಳೆ. ಬಿಸಿನೀರಿನ ಚೀಲ ಕಳಿಸಿದ್ದಳಲ್ಲ, ಅದನ್ನು ಉಪಯೋಗಿಸುತ್ತಿದ್ದೀಯೋ ಅಥವಾ ಅದರ ಮೇಲೆ ಪುಸ್ತಕ ಪೇರಿಸಿಟ್ಟಿದ್ದೀಯೋ ಎಂದೂ ಕೇಳುತ್ತಿದ್ದಾಳೆ. ನಾವಿಬ್ಬರೂ ಆರಾಮ. ನನ್ನ ಎಡಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅಷ್ಟೇ. ಮೂವತ್ತನಾಲ್ಕು ವರ್ಷ ಊರಿನವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ, ನಿವೃತ್ತಿಯಾದ ಮೇಲೆ ಲಿಫ್ಟೇ ಇಲ್ಲದ ಕಟ್ಟಡದಲ್ಲಿ ಮನೆ ಹಿಡಿದವನು ನಾನೊಬ್ಬನೇ ಇರಬೇಕು. ಅಜ್ಜಿಯ ಬಿಪಿ ಹಿಡಿತದಲ್ಲಿದೆ, ಬಾಯಿ ಮಾತ್ರ ಇಲ್ಲ. ಇದನ್ನು ಬರೆಯುವಾಗ ನನ್ನ ಬೆನ್ನ ಹಿಂದೆಯೇ ನಿಂತಿದ್ದಾಳೆ, ಆದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಫೋನ್ ಇರುವಾಗ ಕಾಗದವೇಕೆ ಎಂದು ನಿನಗೆ ಅನ್ನಿಸಬಹುದು. ನಿನ್ನೆ ಎರಡು ಸಲ ಫೋನ್ ಕೈಗೆತ್ತಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ನೀನು ‘ಪರವಾಗಿಲ್ಲ ಬಿಡಜ್ಜ’ ಅಂದುಬಿಡುತ್ತೀಯ, ಆಮೇಲೆ ನಾನು ಊಟ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತೇನೆ ಎಂದು ಗೊತ್ತಿದ್ದರಿಂದ ಮತ್ತೆ ಕೆಳಗಿಟ್ಟೆ. ಎದುರುಮನೆಯ ಬಸ್ ಡ್ರೈವರ್ ಇವತ್ತು ಮಧ್ಯಾಹ್ನ ನಿಮ್ಮೂರಿನ ಪಾಳಿಗೆ ಹೋಗುತ್ತಿದ್ದಾನೆ. ನಾಳೆ ಬೆಳಿಗ್ಗೆ ಇದನ್ನು ನಿನ್ನ ಕೈಗೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾನೆ. ಸೋಮವಾರದೊಳಗೆ ನೀನಿದನ್ನು ಓದಬೇಕು, ಅದು ಮುಖ್ಯ.

ಸೋಮವಾರದ ಸಂಗತಿ ನನಗೆ ಹೇಗೆ ಗೊತ್ತು ಅಂದರೆ, ಬುಧವಾರ ನಿನ್ನ ಅಮ್ಮ ಫೋನ್ ಮಾಡಿದ್ದಳು. ನೀನು ಒಂದೂವರೆ ವರ್ಷ ಆ ಬಾಡಿಗೆ ಕೋಣೆಯಲ್ಲಿ ಕೂತು ಮಾಡಿದ ವಿಡಿಯೋ ಆಟವನ್ನು ದೊಡ್ಡ ಕಂಪನಿಯವರು ಕೊಳ್ಳುತ್ತಾರಂತೆ. ಆದರೆ ಅರ್ಧ ಗಂಟೆಯ ಆಟ ಅವರಿಗೆ ಸಾಲದಂತೆ, ಹನ್ನೆರಡು ಗಂಟೆಯದಾಗಿ ಎಳೆಯಬೇಕಂತೆ. ಒಂದು ಕಟ್ಟಡದ ಬದಲು ಹದಿನಾರು ಕಟ್ಟಡ, ದಿನಾ ಬಂದವರಿಗೆ ಬಹುಮಾನ, ಇನ್ನೂ ಏನೇನೋ. ನೀನು ಎರಡು ತಿಂಗಳಿಂದ ಒಲ್ಲೆ ಎನ್ನುತ್ತಿದ್ದವಳು ಈಗ ಹೂಂ ಅಂದಿದ್ದೀಯ, ಸೋಮವಾರ ಸಹಿ ಹಾಕುತ್ತೀಯ. ಯಾಕೆ ಮನಸ್ಸು ಬದಲಾಯಿಸಿದೆ ಎಂದು ಅಮ್ಮ ಕೇಳಿದ್ದಕ್ಕೆ ನೀನು ಹೇಳಿದೆಯಂತೆ: ‘ಕಂಪನಿಯವ್ರು ಹೇಳಿದ್ರೆ ನಾನು ಕೇಳ್ತಿರ್ಲಿಲ್ಲಮ್ಮ. ಅಜ್ಜನಿಗೇ ಚಿಕ್ಕದಾಯ್ತು ಅನ್ನಿಸಿದ್ಮೇಲೆ ಇನ್ನೇನಿದೆ.’ ಅದಕ್ಕೇ ಈ ಕಾಗದ.

ಹೌದು, ನಾನು ಹಾಗೆ ಅಂದೆ. ನೀನು ಟಿವಿಗೆ ಆ ಪುಟ್ಟ ಪೆಟ್ಟಿಗೆ ಜೋಡಿಸಿಕೊಟ್ಟು ಹೋದ ನಾಲ್ಕನೇ ದಿನ ಫೋನಿನಲ್ಲಿ ‘ಹೇಗಿತ್ತಜ್ಜ?’ ಎಂದು ಕೇಳಿದೆ. ನಾನು ‘ಚೆನ್ನಾಗಿದೆ ಮರಿ, ಆದ್ರೆ ತುಂಬ ಚಿಕ್ಕದಾಯ್ತು, ಶುರುವಾಗೋದ್ರೊಳಗೆ ಮುಗಿದೇ ಹೋಗುತ್ತೆ’ ಅಂದೆ. ನೀನು ‘ಸರಿ ಅಜ್ಜ’ ಅಂದೆ. ಆ ಮಾತನ್ನು ನಾನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಮುದುಕ ಮೊಮ್ಮಗಳನ್ನು ಸಮಾಧಾನ ಮಾಡಲು ಬಣ್ಣ ಹಚ್ಚುತ್ತಿದ್ದಾನೆ ಎಂದುಕೊಳ್ಳಬೇಡ. ಅವತ್ತಿನಿಂದ ಇವತ್ತಿನವರೆಗೆ ನಾನೂ ಅಜ್ಜಿಯೂ ನಿನ್ನ ಆಟವನ್ನು ನಲವತ್ತೊಂದು ಸಲ ಆಡಿದ್ದೇವೆ. ಲೆಕ್ಕ ಸುಳ್ಳಲ್ಲ, ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿದ್ದಾಳೆ. ಹಾಲಿನವನು ಬಾರದ ದಿನಗಳನ್ನೂ ಅಲ್ಲೇ ಗುರುತು ಹಾಕುವುದರಿಂದ ಎರಡು ಗೀಟು ಆಚೀಚೆ ಆಗಿರಬಹುದು.

ಮೊದಮೊದಲು ನಾನು ಆಟವನ್ನು ಕೆಲಸದ ಹಾಗೆ ಆಡಿದೆ. ಆರು ಮಹಡಿಯ ಕಟ್ಟಡ, ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಸಿಕ್ಕಿಕೊಂಡ ಲಿಫ್ಟು, ಒಳಗೆ ಮೂರು ಜನ, ಕೆಳಗೆ ಮೆಕ್ಯಾನಿಕ್ಕು. ಓಡಿದೆ, ಕಾವಲುಗಾರನನ್ನು ಹುಡುಕಿ ಮೇಲಿನ ಮೆಷಿನ್ ರೂಮಿನ ಬೀಗದ ಕೈ ಇಸಿದುಕೊಂಡೆ, ಬ್ರೇಕ್ ಸಡಿಲಿಸಿ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದು ಬಾಗಿಲು ತೆರೆದೆ. ಹದಿನೆಂಟು ನಿಮಿಷ. ಮೀಸೆ ತಿರುವಿಕೊಂಡೆ. ಒಳಗಿದ್ದ ನರ್ಸು, ಮೀನಿನ ಗಾಜಿನ ಪಾತ್ರೆ ಹಿಡಿದ ಮುದುಕ, ಇಂಟರ್‌ವ್ಯೂಗೆ ಹೊರಟಿದ್ದ ಹೆಂಗಸು, ಮೂವರೂ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡದೆ ಮೂರು ದಿಕ್ಕಿಗೆ ಹೊರಟುಹೋದರು. ನನಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ. ನನ್ನ ಇಡೀ ಸರ್ವೀಸಿನಲ್ಲಿ ಹಾಗೆಯೇ ಆಗಿದೆ. ಅಜ್ಜಿ ಮಾತ್ರ ‘ಇಷ್ಟು ಹೊತ್ತು ಒಟ್ಟಿಗಿದ್ದೋರು ಒಂದ್ಮಾತೂ ಆಡದೆ ಹೋದ್ರಲ್ರೀ’ ಎಂದು ಮುಖ ಸಪ್ಪೆ ಮಾಡಿಕೊಂಡಳು.

ಮಾರನೆಯ ದಿನ ಅವಳು ಕಂಟ್ರೋಲರ್ ಕಿತ್ತುಕೊಂಡಳು. ನಿನ್ನ ಅಜ್ಜಿ ಆಡುವ ಚೆಂದ ನೀನು ನೋಡಬೇಕು. ಲಿಫ್ಟಿನಲ್ಲಿ ಮೂರು ಜೀವ ಸಿಕ್ಕಿಕೊಂಡಿದ್ದರೆ ಇವಳು ಎರಡನೇ ಮಹಡಿಯಲ್ಲಿ ನಿಂತು ಅಲ್ಲಿಯ ಯಾರೋ ಹೆಂಗಸಿನ ಮನೆಯ ಸೋರುವ ನಲ್ಲಿ ಸರಿಮಾಡುತ್ತಾಳೆ. ಐದನೇ ಮಹಡಿಯಲ್ಲಿ ಡ್ರಮ್ ಬಾರಿಸುವವನ ಬಾಗಿಲು ತಟ್ಟಿ, ಅವನು ಬಾರಿಸಿ ಮುಗಿಸುವವರೆಗೂ ನಿಂತು ಕೇಳುತ್ತಾಳೆ. ನಾನು ಪಕ್ಕದಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಆದರೆ ಪ್ರತಿ ಮಹಡಿಯಲ್ಲೂ ಗೋಡೆಯಲ್ಲಿ ಮಾತಾಡುವ ಗುಂಡಿಯೊಂದನ್ನು ಇಟ್ಟಿದ್ದೀಯಲ್ಲ, ಅಜ್ಜಿ ಒಂದನ್ನೂ ಬಿಡದೆ ಒತ್ತಿ ಒಳಗಿನವರನ್ನು ಮಾತಾಡಿಸಿಕೊಂಡು ಮೇಲೇರಿದಳು. ಹಾಗೆ ಮಾಡಿದರೆ ಒಳಗಿನವರು ತಮ್ಮತಮ್ಮಲ್ಲೇ ಮಾತು ಶುರುಮಾಡುತ್ತಾರೆ! ನನಗೆ ಅದು ಗೊತ್ತೇ ಇರಲಿಲ್ಲ. ಮೀನಿನ ನೀರು ತುಳುಕಿ ಇಂಟರ್‌ವ್ಯೂ ಹೆಂಗಸಿನ ಫೈಲ್ ಒದ್ದೆಯಾಗುತ್ತದೆ, ನರ್ಸು ತನ್ನ ಕರವಸ್ತ್ರದಿಂದ ಒಂದೊಂದೇ ಹಾಳೆ ಒರೆಸಿಕೊಡುತ್ತಾಳೆ. ಮುದುಕ ಆ ಮೀನನ್ನು ಎಲ್ಲಿಗೆ ಒಯ್ಯುತ್ತಿದ್ದಾನೆ ಎನ್ನುವುದು ಒಂಬತ್ತನೇ ಸಲ ಆಡಿದಾಗ ತಿಳಿಯಿತು. ಯಾವ ಆಸ್ಪತ್ರೆಗೆ ಎನ್ನುವುದು ಹದಿಮೂರನೇ ಸಲ. ನರ್ಸು ಕೆಲಸ ಮಾಡುವುದೂ ಅಲ್ಲೇ ಎಂದು ತಿಳಿದಾಗ ಅಜ್ಜಿ ನನ್ನ ತೋಳಿಗೆ ಎಷ್ಟು ಜೋರಾಗಿ ಹೊಡೆದಳೆಂದರೆ ಕಂಟ್ರೋಲರ್ ಕೆಳಗೆ ಬಿತ್ತು. ಒಡೆದಿಲ್ಲ, ಗಾಬರಿಯಾಗಬೇಡ.

ಇಪ್ಪತ್ತೇಳನೇ ಸಲದ ಆಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅವತ್ತು ಎಲ್ಲರ ಬಾಗಿಲೂ ತಟ್ಟಿ, ಎಲ್ಲರನ್ನೂ ಮಾತಾಡಿಸಿ, ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಬಾಗಿಲು ತೆರೆದೆವು. ತೆರೆದರೂ ಮೂವರೂ ಹೊರಗೆ ಬರಲಿಲ್ಲ. ಮುದುಕ ಏನೋ ಹೇಳುತ್ತಿದ್ದ, ಅವನ ಮಾತು ಮುಗಿಯಲಿ ಎಂದು ಉಳಿದಿಬ್ಬರೂ ಒಳಗೇ ನಿಂತಿದ್ದರು. ಮೆಕ್ಯಾನಿಕ್ಕು ಟೋಪಿ ತೆಗೆದು ಹೊರಗೆ ಕಾಯುತ್ತಿದ್ದ. ನಿಜವಾದ ಲಿಫ್ಟುಗಳಲ್ಲಿ ಎಂದೂ ಕಾಣದ್ದನ್ನು ನೀನು ಅರ್ಧ ಗಂಟೆಯಲ್ಲಿ ಕಾಣಿಸಿದೆ. ಇದು ನನ್ನ ಮೊಮ್ಮಗಳ ಕೈಯಲ್ಲಿ ಆದದ್ದೇ ಎಂದು ನನಗೆ ತುಂಬಾ ಹೆಮ್ಮೆ ಅನ್ನಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ಇದೆಲ್ಲ ನಮಗೆ ಸಿಕ್ಕಿದ್ದು ಆಟ ಚಿಕ್ಕದಾಗಿದ್ದುದರಿಂದ. ವಾಷಿಂಗ್ ಮೆಷಿನ್ನು ಒಂದು ಸುತ್ತು ಮುಗಿಸುವಷ್ಟರಲ್ಲಿ ಒಂದಾಟ ಮುಗಿಯುತ್ತದೆ, ಬಟ್ಟೆ ಒಣಹಾಕಿ ಬಂದು ‘ಇನ್ನೊಂದ್ಸಲ ನೋಡೋಣ್ವಾ?’ ಎಂದು ಕೂರುತ್ತೇವೆ. ತಪ್ಪು ಮಾಡಿದರೆ ನಷ್ಟವಿಲ್ಲ, ಬೇಕೆಂದೇ ತಪ್ಪು ಮಾಡಿ ನೋಡಬಹುದು. ಹನ್ನೆರಡು ಗಂಟೆಯ ಆಟವಾದರೆ ಯಾರು ಎರಡನೇ ಸಲ ಆಡುತ್ತಾರೆ? ಎರಡನೇ ಸಲ ಆಡದಿದ್ದರೆ ಆ ಮುದುಕನ ಮೀನಿನ ಕಥೆ ಯಾರಿಗೆ ಗೊತ್ತಾಗುತ್ತದೆ? ಕೆಳಗಿನ ಕ್ಷೌರದಂಗಡಿಯವನು ಏಳು ತಿಂಗಳಿಂದ ಫೋನಿನಲ್ಲಿ ಅದೇನೋ ರಾಜ್ಯ ಕಟ್ಟುತ್ತಿದ್ದಾನೆ. ಮಜಾ ಬರುತ್ತಾ ಎಂದು ಕೇಳಿದರೆ ‘ನಲವತ್ತು ಗಂಟೆ ಆಡಿದ್ಮೇಲೆ ಚೆನ್ನಾಗಿರುತ್ತಂತೆ ಯಜಮಾನ್ರೇ’ ಅನ್ನುತ್ತಾನೆ. ಅವನ ಕತ್ತರಿಗೆ ಕಿವಿ ಕೊಟ್ಟು ಕೂತಿದ್ದ ನಾನು ಮುಂದೆ ಏನೂ ಕೇಳಲಿಲ್ಲ. ಇನ್ನು ಕೆಲಸದವನಾಗಿ ಒಂದು ಮಾತು. ಮೂರು ಜನರನ್ನು ಹನ್ನೆರಡು ಗಂಟೆ ಲಿಫ್ಟಿನಲ್ಲಿ ನಿಲ್ಲಿಸುವ ಮೆಕ್ಯಾನಿಕ್ಕನ್ನು ನಮ್ಮ ಫೋರ್‌ಮನ್ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

ನೀನು ಆ ಪೆಟ್ಟಿಗೆಯಲ್ಲಿ ಬೇರೆಯವರು ಮಾಡಿದ ಮೂರು ಚಿಕ್ಕ ಆಟಗಳನ್ನೂ ಹಾಕಿಟ್ಟಿದ್ದೆಯಲ್ಲ, ಅವನ್ನೂ ಆಡಿದೆವು. ಕುರುಡು ನಾಯಿ ವಾಸನೆ ಹಿಡಿದು ಮನೆಗೆ ಹೋಗುವುದು ಅಜ್ಜಿಗೆ ಪ್ರಾಣ. ಇಪ್ಪತ್ತು ನಿಮಿಷವಷ್ಟೇ, ದಿನಾ ಬೇರೆ ಬೀದಿಯಲ್ಲಿ ಕರೆದುಕೊಂಡು ಹೋಗುತ್ತಾಳೆ. ಅವನ್ನು ಮಾಡಿದವರು ಯಾರೋ, ಅವರಿಗೂ ನಮ್ಮ ಮೆಚ್ಚುಗೆ ತಿಳಿಸು. ಆದರೆ ನಿನ್ನದರ ಹತ್ತಿರ ಅವು ಬರುವುದಿಲ್ಲ. ಇದನ್ನು ಅಜ್ಜನಾಗಿ ಹೇಳುತ್ತಿದ್ದೇನೆ, ಪಕ್ಷಪಾತ ಇದ್ದೇ ಇರುತ್ತದೆ.

ಊಟ ಬಿಡಬೇಡ. ನಿನ್ನ ಜೊತೆ ಕೆಲಸ ಮಾಡುವ ಗೆಳತಿಗೆ, ಆ ಡ್ರಮ್ಮಿನ ಸದ್ದು ಮಾಡಿದವಳಿಗೆ, ನಾವಿಬ್ಬರೂ ಕೇಳಿದೆವೆಂದು ಹೇಳು. ನಿನ್ನ ಕೈ ಸದಾ ಹೀಗೆಯೇ ಹಸನಾಗಿರಲಿ, ಕತ್ತು ನೆಟ್ಟಗಿರಲಿ ಎಂದು ಹರಸುವ,

ನಿನ್ನ ಅಜ್ಜ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ಅಜ್ಜಿ ಈಗ ಕಾಗದ ಓದಿ, ‘ನಿಜ ಬರೀದೇ ಇದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ’ ಎಂದು ಲಕೋಟೆ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಕೆಳಗೆ ಡ್ರೈವರ್ ಬಂದಾಗಿದೆ, ಬೇಗ ಬರೆಯುತ್ತೇನೆ. ನಿನಗೆ ‘ಚಿಕ್ಕದಾಯ್ತು’ ಅಂದಾಗ ನಾನು ನಿನ್ನ ಆಟದ ಮೊದಲ ಒಂದು ನಿಮಿಷ ಮಾತ್ರ ಆಡಿದ್ದೆ. ಆಟ ಶುರುವಾದ ಕೂಡಲೇ ನೆಲಮಹಡಿಯ ಗೋಡೆಯ ಮೇಲೆ ಕೆಂಪು ಪೆಟ್ಟಿಗೆ ಕಾಣುತ್ತದಲ್ಲ, ಕೈ ತಾನಾಗಿ ಹೋಗಿ ಮೇನ್ ಸ್ವಿಚ್ ಕೆಳಗೆಳೆಯಿತು. ಕರೆಂಟ್ ತೆಗೆಯದೆ ಲಿಫ್ಟು ಮುಟ್ಟಿದವನಲ್ಲ ನಾನು. ಅದು ಇಡೀ ಕಟ್ಟಡದ ಮೇನು, ಲಿಫ್ಟಿನದು ಮೇಲೆ ಮೆಷಿನ್ ರೂಮಿನಲ್ಲಿರುತ್ತದೆ ಎಂದು ನಿನಗೆ ಹೇಳಿಕೊಟ್ಟವನೇ ನಾನು. ಎಲ್ಲ ಕತ್ತಲಾಗಿ, ‘ಒಳಗಿದ್ದವರು ಇನ್ನೂ ಕಾಯುತ್ತಿದ್ದಾರೆ’ ಎಂದು ಅಕ್ಷರ ಬಂತು, ಆಟ ನಿಂತಿತು. ಮೂರು ದಿನ ಮೇಲಿಂದ ಮೇಲೆ ಹಾಗೆಯೇ ಎಳೆದೆ, ಮೂರು ದಿನವೂ ಅದೇ ಕತ್ತಲು. ನೀನು ಮಾಡಿದ ಆಟವೇ ಅಷ್ಟು ಅಂದುಕೊಂಡೆ. ನೀನು ಫೋನ್ ಮಾಡಿದ ಮರುದಿನ ನಾನು ಕ್ಷೌರಕ್ಕೆ ಹೋಗಿದ್ದಾಗ ಅಜ್ಜಿ ಒಬ್ಬಳೇ ಕೂತು, ಸ್ವಿಚ್ಚಿನ ಗೊಡವೆಗೇ ಹೋಗದೆ ಮೆಟ್ಟಿಲು ಹತ್ತಿಬಿಟ್ಟಿದ್ದಳು. ನಾನು ಬಂದು ನೋಡಿದರೆ ಐದನೇ ಮಹಡಿಯಲ್ಲಿದ್ದಳು. ಮೇಲೆ ಬರೆದ ನನ್ನ ಹದಿನೆಂಟು ನಿಮಿಷದ ಆಟ ಇದಾದ ಮೇಲಿನದು. ಆಗಲೇ ನಿನಗೆ ಹೇಳಬೇಕಿತ್ತು. ಮೂವತ್ತನಾಲ್ಕು ವರ್ಷದ ಮೆಕ್ಯಾನಿಕ್ಕು ಮೊಮ್ಮಗಳ ಲಿಫ್ಟಿನ ಮೇನು ಯಾವುದೆಂದು ತಿಳಿಯದೆ ಬೇಸ್ತು ಬಿದ್ದ ಎಂದು ಹೇಳಲು ಬಾಯಿ ಬರಲಿಲ್ಲ. ಹಾಗಾಗಿ ನೀನು ಸಹಿ ಹಾಕುವುದಿದ್ದರೆ ನಿನಗೇ ಬೇಕೆನಿಸಿ ಹಾಕು, ಅಜ್ಜ ಹೇಳಿದ ಅಂತ ಹಾಕಬೇಡ. ಅಜ್ಜ ನಿನ್ನ ಆಟ ನೋಡಿಯೇ ಇರಲಿಲ್ಲ. ಇನ್ನೂ ಒಂದಿದೆ. ಆ ಮೂರು ದಿನ ಕತ್ತಲ ಪರದೆ ನೋಡಿ ನನ್ನ ಎದೆಯಲ್ಲಿ ಎದ್ದ ಮಾತು ‘ಚಿಕ್ಕದು’ ಎನ್ನುವುದಲ್ಲ. ಜನ ಒಳಗೆ ಸಿಕ್ಕಿಕೊಂಡು ಕಾಯುತ್ತಲೇ ಇರುತ್ತಾರೆ, ಯಾರೂ ಬರುವುದಿಲ್ಲ, ಇಂಥದ್ದನ್ನು ಮಾಡಬೇಕಾದರೆ ಈ ಹುಡುಗಿ ಆ ಕೋಣೆಯಲ್ಲಿ ಒಬ್ಬಳೇ ಏನು ಅನುಭವಿಸುತ್ತಿದ್ದಾಳೋ ಎಂದು ಹೆದರಿದ್ದೆ. ಅದನ್ನು ಕೇಳಲು ಧೈರ್ಯ ಬರದೆ ಬಾಯಿಗೆ ಬಂದದ್ದು ಅಂದೆ. ಅಜ್ಜಿ ಆ ಬಾಗಿಲು ತೆರೆದು ಮೂವರೂ ಬೆಳಕಿಗೆ ಬಂದಾಗ ನಾನು ಅತ್ತುಬಿಟ್ಟೆ ಮರಿ. ಈಗ ಕೇಳುತ್ತಿದ್ದೇನೆ: ನೀನು ಚೆನ್ನಾಗಿದ್ದೀಯ ತಾನೇ? ಇದಕ್ಕೆ ಮಾತ್ರ ಫೋನ್ ಮಾಡಿ ಹೇಳು.