ಬಲಗಿವಿಗೆ ಮಾತ್ರ

…ಇಲ್ಲ ಅಕ್ಕಾ, ಸಾರಿ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಆಗ ಕಳಿಸಿದ್ದ ವಾಯ್ಸ್ ಮೆಸೇಜನ್ನೆಲ್ಲ ಅಳಿಸಿಬಿಟ್ಟೆ. ಬರೀ ನನ್ನ ಉಸಿರಾಟ ಇತ್ತು, ಅದನ್ನ ಕೇಳಿ ನೀನೇನು ಮಾಡ್ತೀಯ. ಫೋನು ಬಲಗಿವಿಗೆ ಹಿಡ್ಕೋ. ಸ್ಪೀಕರಿಗೆ ಹಾಕ್ಬೇಡ. ಭಾವ ಪಕ್ಕದಲ್ಲಿದ್ರೆ ಎದ್ದು ಆಚೆ ಹೋಗು.

ಪತ್ರದ ಕ್ರಮದಲ್ಲೇ ಹೇಳ್ತೀನಿ, ಅಪ್ಪ ಕಲಿಸಿದ ಹಾಗೆ. ಬಲಗಡೆ ಮೇಲೆ ದಿನ: ಭಾನುವಾರ, ಮಧ್ಯಾಹ್ನ. ಪ್ರೀತಿಯ ಅಕ್ಕನಿಗೆ, ಕಾಮಾ. ನಾನು ಆಸ್ಪತ್ರೇಲಿದೀನಿ, ಎಕ್ಸ್‌ರೇ ರೂಮಿನ ಆಚೆ ಬೆಂಚಿನ ಮೇಲೆ. ನನಗೇನೂ ಆಗಿಲ್ಲ. ಅಂದ್ರೆ ಒಂದು ಹಲ್ಲು ಹೋಗಿದೆ, ತುಟಿ ಒಡೆದಿದೆ, ಮಾತು ಸ್ವಲ್ಪ ಸೋರುತ್ತೆ, ಅಷ್ಟೇ. ಒಳಗೆ ಅಪ್ಪನ ಬಲಗೈಗೆ ಪ್ಲಾಸ್ಟರ್ ಹಾಕ್ತಿದಾರೆ. ಮಣಿಕಟ್ಟು ಮುರಿದಿದೆ. ಮುರಿದಿದ್ದು ನಾನು.

ಬರೆದು ಕಳಿಸೋ ಅಂತ ನೀನು ಯಾವಾಗ್ಲೂ ಬಯ್ತೀಯ. ಇರೋದೇ ಒಂದು ಕಿವಿ, ನಿನ್ನ ಹರಟೆ ಕೇಳಿ ಕೇಳಿ ಅದೂ ಸವೀತಾ ಇದೆ ಅಂತ. ಬರೆಯೋಕಾಗಲ್ಲ ಅಕ್ಕಾ. ಈ ವಯಸ್ಸಲ್ಲೂ ಪೆನ್ನು ಹಿಡಿದ ಕೂಡ್ಲೆ ಕೆನ್ನೆ ಬಿಸಿ ಆಗುತ್ತೆ. ಇಂಗ್ಲಿಷ್ ಮೇಷ್ಟ್ರ ಮಗ ಫ್ರಿಜ್ ರಿಪೇರಿಗೆ ಯಾಕೆ ಹೋದ ಅಂತ ಜನ ಕೇಳ್ತಾರೆ. ಕೈಯಲ್ಲಿ ಬೋಲ್ಟು ತಿರುಗಿಸೋ ಪಾನಾ ಇದ್ರೆ ಕಾಮಾ ಎಲ್ಲೋ ಅಂತ ಯಾರೂ ಕೇಳಲ್ಲ, ಅದಕ್ಕೆ. ಮಾತಾಡೋವಾಗ ನಮಗೆ ಬೇಕಾದ ಕಡೆ ಉಸಿರು ತಗೋಬಹುದು.

ವಿಷಯಕ್ಕೆ ಬರ್ತೀನಿ. ಅಪ್ಪನ ಹಳೇ ವಿದ್ಯಾರ್ಥಿಗಳು ಇವತ್ತು ಶಾಲೆಯ ಹಾಲಲ್ಲಿ ಸನ್ಮಾನ ಇಟ್ಕೊಂಡಿದ್ರಲ್ಲ. ಹೋಗು, ಎರಡು ಒಳ್ಳೆ ಮಾತಾಡು, ನನ್ನ ಸುದ್ದಿ ಮಾತ್ರ ಎತ್ಬೇಡ ಅಂದಿದ್ದೆ ನೀನು. ಎತ್ತಲ್ಲ ಅಂದಿದ್ದೆ ನಾನು. ಅದನ್ನ ನೆನಪಿಟ್ಕೊಂಡೇ ಮುಂದಿನದ್ದು ಕೇಳು.

ಎಲ್ಲರೂ ದೊಡ್ಡ ಮನುಷ್ಯರಾಗಿದಾರೆ. ಒಬ್ಬ ಬ್ಯಾಂಕ್ ಮ್ಯಾನೇಜರು, ಒಬ್ಬಳು ಹಲ್ಲಿನ ಡಾಕ್ಟರು, ಒಬ್ಬ ಪೊಲೀಸ್ ಇನ್ಸ್‌ಪೆಕ್ಟರು. ಸಾರ್ ಇಲ್ದಿದ್ರೆ ಅಪಾಸ್ಟ್ರಫಿ ಎಲ್ಲಿಡ್ಬೇಕು ಅಂತ ನನಗೆ ಗೊತ್ತಾಗ್ತಿರಲಿಲ್ಲ, ಇಡೀ ಆಫೀಸಲ್ಲಿ ತಪ್ಪಿಲ್ದೆ ಇಂಗ್ಲಿಷ್ ಬರೆಯೋನು ಈಗ್ಲೂ ನಾನೊಬ್ನೇ ಅಂತ ಮ್ಯಾನೇಜರು ಮೈಕ್ ಹಿಡ್ಕೊಂಡು ಕಣ್ಣೀರು ಹಾಕ್ದ. ಸುಳ್ಳೂ ಅಲ್ಲ ಅದು. ಅಪ್ಪ ಕಲಿಸಿದ್ದನ್ನ ಯಾರೂ ಮರೆತಿಲ್ಲ. ಆಮೇಲೆ ಹಿಂದಿನ ಸಾಲಿಂದ ಯಾವನೋ ಕೂಗಿದ: ಸಾರ್, ಫೋಟೋಗೆ ಒಂದೊಂದು ಕಾಮಾ ಕೊಡಿ ಸಾರ್!

ಸಾಲು ನಿಂತ್ರು ಅಕ್ಕಾ. ಕೋಟು ಹಾಕಿದವರು, ನರೆತವರು, ಎಲ್ಲ ಹಲ್ಲು ಕಿರಿದುಕೊಂಡು. ಕಾಮಾ ಅಂದ್ರೆ ಕಿವಿ ಹಾಲೆ ಹಿಂಡೋದು. ಅಪಾಸ್ಟ್ರಫಿ ಅಂದ್ರೆ ಮೇಲಕ್ಕೆ ನೇತುಹಾಕಿದ ಕಾಮಾ, ಕಿವಿ ಪಕ್ಕದ ಕೂದಲು ಹಿಡಿದು ತುದಿಗಾಲಲ್ಲಿ ನಿಲ್ಲೋವರೆಗೂ ಎತ್ತೋದು. ಕ್ವೆಶ್ಚನ್ ಮಾರ್ಕ್ ಅಂದ್ರೆ ಕೈ ಬೆನ್ನ ಹಿಂದಕ್ಕೆ ತಿರುಚೋದು. ಫುಲ್‌ಸ್ಟಾಪು ಅಂಗೈಯಲ್ಲಿ, ಕಪಾಳಕ್ಕೆ. ನಿನಗ್ಯಾಕೆ ಹೇಳ್ತಿದೀನಿ, ನಿನಗೆ ಗೊತ್ತಿಲ್ದಿರೋದಾ.

ಅಪ್ಪನ ಮುಖ ಅರಳಿತ್ತು. ಎಲ್ಲರಿಗೂ ಮೆಲ್ಲಗೆ, ಮಗುವಿನ ಕೆನ್ನೆ ಮುಟ್ಟೋ ಹಾಗೆ ಮಾಡ್ತಿದ್ರು. ಮ್ಯಾನೇಜರಿಗೆ ಅಪಾಸ್ಟ್ರಫಿನೇ ಬೇಕಂತೆ, ಹಿಡಿಯೋಕೆ ತಲೇಲಿ ಒಂದು ಕೂದಲಿಲ್ಲ. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಲಿ.

ಆಗ ಇನ್ಸ್‌ಪೆಕ್ಟರು ನನ್ನ ಬೆನ್ನಿಗೆ ಕೈ ಹಾಕಿ ಸ್ಟೇಜಿಗೆ ತಳ್ಳಿದ. ಸಾರ್, ಮಗನಿಗೊಂದು ಫುಲ್‌ಸ್ಟಾಪ್ ಇಡಿ, ಇವನ ಬಾಯಿ ನಿಲ್ಲೋದೇ ಇಲ್ಲ ಅಂದ. ಮತ್ತೆ ನಗು. ಅಪ್ಪ ನಗ್ತಾನೇ ಕೈ ಎತ್ತಿದ್ರು. ನನಗೆ ಬಿದ್ದಿದ್ದು ಫೋಟೋದ್ದಲ್ಲ ಅಕ್ಕಾ, ನಿಜವಾದ್ದು. ಕಣ್ಣಲ್ಲಿ ನೀರು ಬಂತು. ಜನ ಚಪ್ಪಾಳೆ ಹೊಡೆದ್ರು.

ಮೈಕು ಅಲ್ಲೇ ಇತ್ತು.

ನಿನ್ನ ಕಿವಿ ವಿಷಯ ಹೇಳಿಬಿಟ್ಟೆ. ಇದಕ್ಕೇ ಆಗಿಂದ ಶುರು ಮಾಡೋದು, ಅಳಿಸೋದು ಮಾಡ್ತಿದ್ದೆ. ಎಲ್ಲ ಹೇಳ್ದೆ. ಆವತ್ತು ಅಪ್ಪ ಪಾಠ ಮಾಡ್ತಿದ್ರು, ಅಪಾಸ್ಟ್ರಫಿ ಬರೋದು ಎರಡಕ್ಕೆ, ಯಾರದ್ದು ಅಂತ ತೋರಿಸೋಕೆ, ಇಲ್ಲಾ ನಡುವೆ ಏನೋ ಬಿಟ್ಟುಹೋಗಿದೆ ಅಂತ ತೋರಿಸೋಕೆ ಅಂತ. ನೀನು ಎದ್ದು ನಿಂತು ಕೇಳ್ದೆ, ಹಾಗಿದ್ರೆ ನಾಯಿ ತನ್ನ ಬಾಲ ಅಲ್ಲಾಡಿಸ್ತು ಅನ್ನೋವಾಗ ಇಟ್ಸ್‌ಗೆ ಅಪಾಸ್ಟ್ರಫಿ ಯಾಕಿಲ್ಲ, ಬಾಲ ಅದರದ್ದೇ ಅಲ್ವಾ ಅಂತ. ತಲೆಹರಟೆ ಅಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ದೆ ನೀನು. ಕ್ಲಾಸು ಕಿಸಕ್ ಅಂತು. ಅಪ್ಪನ ಉತ್ತರ ಬಾಯಲ್ಲಿರಲಿಲ್ಲ, ಕೈಯಲ್ಲಿತ್ತು. ಎಡಗಿವಿಯಿಂದ ನಿನ್ನ ಬಿಳೀ ಕಾಲರ್ ಮೇಲೆ ರಕ್ತ ಬಿತ್ತು. ಅಮ್ಮ ನೆಂಟರಿಗೆಲ್ಲ ಜ್ವರ ಬಂದು ಕಿವಿ ಹೋಯ್ತು ಅಂದ್ಳು. ನೀನೂ ಅದನ್ನೇ ಹೇಳಿಕೊಂಡು ಬಂದೆ. ನಾನು ರಸ್ತೇಲಿ ನಿನ್ನ ಎಡಗಡೆ ಅಂಟಿಕೊಂಡು ನಡೆಯೋಕೆ ಶುರು ಮಾಡ್ದೆ, ಆ ಕಡೆಯಿಂದ ಗಾಡಿ ಬಂದ್ರೆ ಕೂಗೋಕೆ. ಅದಕ್ಕೇ ತಾನೇ ನನಗೆ ಬಾಲ ಅಂತ ಹೆಸರಿಟ್ಟೆ.

ಭಾವನಿಗೂ ಜ್ವರ ಅಂತಲೇ ಹೇಳಿದೀಯ, ಗೊತ್ತು. ಹಾಲಲ್ಲಿ ಫೋಟೋಗೆ ಅಂತ ಎಲ್ಲರ ಕೈಯಲ್ಲೂ ಫೋನಿತ್ತು. ಸಂಜೆಯೊಳಗೆ ಭಾವನ ಫೋನಿಗೂ ಬರುತ್ತೆ ಆ ವಿಡಿಯೋ. ಅಷ್ಟರೊಳಗೆ ನನ್ನ ಬಾಯಿಂದ ನಿನಗೆ ಗೊತ್ತಾಗ್ಲಿ ಅಂತ ಇಷ್ಟೆಲ್ಲ.

ಅಪ್ಪ ಮೈಕು ಕಿತ್ಕೊಂಡು ಜ್ವರ, ಅದು ಜ್ವರ ಅಂತ ಕಿರುಚಿದ್ರು. ಮತ್ತೆ ಕೈ ಎತ್ತಿದ್ರು. ಹಿಡ್ಕೊಂಡೆ. ಜಗ್ಗಾಟದಲ್ಲಿ ಮುರೀತು. ಆಮೇಲೆ ಮ್ಯಾನೇಜರು ಮೈಕ್ ಸ್ಟ್ಯಾಂಡ್ ಎತ್ತಿ ನನ್ನ ಬಾಯಿಗೆ ಬಾರಿಸಿದ. ಈಗಷ್ಟೇ ಅತ್ತವನು! ಹೆಸರೇ ಗೊತ್ತಿಲ್ಲದವರೆಲ್ಲ ಬಂದು ಒದ್ರು, ಹೊಟ್ಟೆಗೆ, ಪಕ್ಕೆಗೆ. ಗುರುದ್ರೋಹಿ ಅಂತ ಒಬ್ಬಳು ಚಪ್ಪಲೀಲಿ ಹೊಡೆದ್ಳು. ಇನ್ಸ್‌ಪೆಕ್ಟರು ಬೆನ್ನ ಮೇಲೆ ಮಂಡಿಯೂರಿ ಕೂತ. ಹಲ್ಲಿನ ಡಾಕ್ಟರು ಮಾತ್ರ ಕುರ್ಚಿಗಳ ಅಡಿ ತೆವಳಿ ನನ್ನ ಹಲ್ಲು ಹುಡುಕಿ, ಹಾಲಲ್ಲಿ ಹಾಕಿಡಿ ಅಂತ ಕೈಗೆ ಕೊಟ್ಟಳು. ಯಾವ ಹಾಲು ತಾಯಿ ಅಂದೆ, ಈ ಹಾಲಾ ಅಂತ. ನಗಲಿಲ್ಲ ಅವಳು. ಹಲ್ಲು ಜೇಬಲ್ಲಿದೆ.

ಈಗ ಇನ್ಸ್‌ಪೆಕ್ಟರು ಒಳಗಿಂದ ಅಪ್ಪನ ಮಾತು ತಂದಿದಾನೆ. ಅಕ್ಕನ ಕಿವಿ ಹೋಗಿದ್ದು ಜ್ವರದಿಂದ, ನಾನು ಹೇಳಿದ್ದು ಸುಳ್ಳು ಅಂತ ನಾನು ಅವನ ಫೋನಿನ ರೆಕಾರ್ಡಿಂಗಿಗೆ ಹೇಳ್ಬೇಕಂತೆ. ಹೇಳಿದ್ರೆ ಅಪ್ಪ ಕಂಪ್ಲೇಂಟ್ ಕೊಡಲ್ಲ. ಹೇಳ್ದಿದ್ರೆ ಇಲ್ಲಿಂದ ನೇರ ಸ್ಟೇಷನ್ನು. ಒಂದು ವಾಕ್ಯ ಕಣಯ್ಯಾ, ಹೇಳಿ ಮನೆಗೆ ಹೋಗಿ ಮಲಕ್ಕೋ ಅಂತಾನೆ.

ಅಕ್ಕಾ, ಮೈಕ್ ಹಿಡಿಯೋಕೆ ಮುಂಚೆ ನಿನ್ನನ್ನ ಕೇಳ್ಬೇಕಿತ್ತು. ಈಗ ಕೇಳ್ತಿದೀನಿ. ಕಿವಿ ನಿನ್ನದು. ಜ್ವರ ಅನ್ನು ಅಂದ್ರೆ ಜ್ವರ ಅಂತೀನಿ, ಮನಸ್ಸಲ್ಲಿ ಏನೂ ಇಟ್ಕೊಳ್ದೆ ಹೇಳ್ತೀನಿ. ಬೇಡ ಅಂದ್ರೆ ಸ್ಟೇಷನ್ನಿಗೆ ಹೋಗ್ತೀನಿ, ಅಲ್ಲೂ ಒಂದು ಫ್ರಿಜ್ ಕೆಟ್ಟಿರುತ್ತೆ. ಬೇಗ ಹೇಳು.

ಇಂತಿ ನಿನ್ನ ತಮ್ಮ,
ಬಾಲ.

ಮರೆತ ಮಾತು. ಮರೆತದ್ದಲ್ಲ, ಬಿಟ್ಟಿದ್ದು. ಮೊದಲಿನದ್ದು ಕಳಿಸಿಬಿಟ್ಟೆ, ನೀಲಿ ಟಿಕ್ ಬಿದ್ದಿದೆ, ಕೇಳ್ತಿದೀಯ ಅಂತ ಗೊತ್ತು. ಜಗ್ಗಾಟದಲ್ಲಿ ಮುರೀತು ಅಂದ್ನಲ್ಲ, ಸುಳ್ಳು. ಕೈ ಬೆನ್ನ ಹಿಂದಕ್ಕೆ ತಿರುಚಿದ್ದೆ, ಕ್ವೆಶ್ಚನ್ ಮಾರ್ಕ್, ಅವರು ಕಲಿಸಿದ ಹಾಗೇ. ಅಪ್ಪ ಮೆಲ್ಲಗೆ, ಮೈಕಿಗೂ ಕೇಳದ ಹಾಗೆ, ಸಾಕು ಕಣೋ, ನೋಯ್ತಿದೆ ಅಂದ್ರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿರಲೇ ಇಲ್ಲ. ಬಿಡಬಹುದಿತ್ತು. ತುಕ್ಕು ಹಿಡಿದ ಬೋಲ್ಟು ಇನ್ನೇನು ಬಿಚ್ಚುತ್ತೆ ಅನ್ನೋವಾಗ ಕೈ ತಾನಾಗೇ ಇನ್ನೊಂದು ಸುತ್ತು ಹೋಗುತ್ತೆ ನೋಡು, ಹಾಗೆ ತಿರುಗಿಸ್ದೆ. ಲಟಕ್ ಅಂತು. ಮನಸ್ಸಿಗೆ ಹಾಯ್ ಅನ್ನಿಸ್ತು ಅಕ್ಕಾ. ಒದೆ ತಿಂದಿದ್ದಕ್ಕೆ ಭಯ ಇಲ್ಲ ನನಗೆ, ಅದಕ್ಕೇ ಭಯ. ಆ ಕೈ ನನಗೂ ಬಂದಿದೆ. ನೀನು ಏನೇ ಹೇಳು, ಇದನ್ನಂತೂ ಇನ್ಸ್‌ಪೆಕ್ಟರಿಗೆ ಹೇಳ್ತೀನಿ. ಸಾಕು ಅಂದ ಮೇಲೆ ಮುರಿದೆ ಅಂತ.

ತಾಳು, ನಿನ್ನ ಮೆಸೇಜು ಬಂತು.

ಅದು ಜ್ವರ ಅಲ್ಲ.

ಅಷ್ಟೇ ಬರೆದಿದೀಯ. ನಾನು ಓದೋವಾಗ ನಿಲ್ಲಿಸ್ದೆ, ನೀನು ನಿಲ್ಲಿಸಿಲ್ಲ. ಕೊನೇಲಿ ಫುಲ್‌ಸ್ಟಾಪೇ ಇಲ್ಲ. ಅಂಗಡಿ ಚೀಟಿಗೂ ಫುಲ್‌ಸ್ಟಾಪ್ ಇಡೋಳು ನೀನು! ಬೇಕಂತಲೇ ಬಿಟ್ಟಿದೀಯ ಅಲ್ವಾ? ಇನ್ನೂ ಏನೋ ಬರೀತಿದೀಯ, ಕಾಣಿಸ್ತಿದೆ, ಬರಿ, ಬರೀತಾ ಇರು, ನಾನು—

ಬಂದೆ ಸಾರ್! ಫೋನಲ್ಲಿದೀನಿ, ಬಂದೆ ಬಂದೆ.

ಇನ್ಸ್‌ಪೆಕ್ಟರು ಕರೀತಿದಾನೆ ಅಕ್ಕಾ. ಇಡ್ತೀನಿ.