ಬಿಷಪ್ಪರಿಗೆ ಒಂದು ಕೋಳಿ

ಕಪೂಲಾ ಚರ್ಚು, ಮಲಾವಿ

ಪೂಜ್ಯ ಬಿಷಪ್ ಸ್ವಾಮಿಯವರಿಗೆ ವಂದನೆಗಳು.

ಭಾನುವಾರ ನಮ್ಮ ಶಾಲೆಯ ಮಕ್ಕಳು ನಿಮ್ಮ ಕೈಯಿಂದ ದೃಢೀಕರಣ ಸಂಸ್ಕಾರ ಪಡೆಯಲೆಂದು ಬಿಳಿ ಬಟ್ಟೆ ತೊಟ್ಟು ಸಂಜೆಯವರೆಗೂ ನಿಮ್ಮ ದಾರಿ ಕಾದರು. ನಿಮಗಿಂತ ಮೊದಲು ಉಣ್ಣಬಾರದೆಂದು ಬೇಯಿಸಿದ ಮೇಕೆ ಮಾಂಸವನ್ನು ಯಾರೂ ಮುಟ್ಟಲಿಲ್ಲ. ನೀವು ಮಂತ್ರಿಗಳ ಹೊಸ ಮನೆಯನ್ನು ಹರಸಿ ಅಲ್ಲೇ ಊಟಕ್ಕೆ ಉಳಿದಿರೆಂದು ನಿಮ್ಮ ಡ್ರೈವರ್ ಫೋನಿನಲ್ಲಿ ತಿಳಿಸಿದ. ಅದನ್ನು ಈ ಜನರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಕಡೆಗೆ ಎನೆಲೆಸಿ ಅಜ್ಜಿಯೇ, "ಪಾಪ, ಬಿಷಪ್ಪರಿಗೆ ಮೈ ಹುಷಾರಿಲ್ಲ ಅಂತ ಕಾಣ್ತದೆ. ಇಲ್ಲಾಂದ್ರೆ ಮಕ್ಕಳನ್ನ ಹೀಗೆ ಕಾಯಿಸ್ತಿದ್ರಾ? ಬನ್ರಪ್ಪ, ಜಪ ಮಾಡೋಣ" ಎಂದಳು. ಎಲ್ಲರೂ ಮೊಣಕಾಲೂರಿದರು. ಸಿಟ್ಟಿಗೆ ನಾನು ಮಾತ್ರ ನಿಂತೇ ಇದ್ದೆ.

ನಿಮಗೆ ಶಕ್ತಿ ಬರಲೆಂದು ಅಜ್ಜಿ ಕೊಟ್ಟ ಕೋಳಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಅವಳಲ್ಲಿದ್ದದ್ದು ಅದೊಂದೇ. ದಯವಿಟ್ಟು ನೀವೇ ಬಂದು ಅದನ್ನು ಹಿಂದಿರುಗಿಸಿ, ಏನು ಕಾಯಿಲೆಯಾಗಿತ್ತೆಂದು ಅವಳಿಗೆ ಹೇಳಿ.

ನಿಮ್ಮ ಆಜ್ಞಾನುವರ್ತಿ,
ಫಾದರ್ ಯೋಸ್ಟ್